ಕಲ್ಯಾಣಿಯ ಹಣೆಗಿಟ್ಟ ಕುಂಕುಮ

ಮದುವೆಗೆ ಕರೆಯುವುದೂ ಒಂದು ವಿದ್ಯೆ. ಲಗ್ನಪತ್ರಿಕೆಯನ್ನು ವಾಟ್ಸಾಪಿನಲ್ಲಿ ಎಸೆದು ಕೈತೊಳೆದುಕೊಳ್ಳುವವರಿಗೆ ಅದು ಅರ್ಥವಾಗುವುದಿಲ್ಲ. ಪುಟ್ಟೇನಹಳ್ಳಿಯ ಮುನಿಲಕ್ಷ್ಮಮ್ಮನಿಗೆ ಆ ವಿದ್ಯೆ ಕರಗತವಾಗಿತ್ತು. ಯಾರ ಮನೆಗೆ ಮೊದಲು ಹೋಗಬೇಕು, ಯಾರ ಮನೆಯಲ್ಲಿ ನೀರು ಕುಡಿದೇ ಏಳಬೇಕು, ಯಾವ ವಾರಗಿತ್ತಿಯ ಮುಂದೆ ಯಾವ ವಾರಗಿತ್ತಿಯ ಹೆಸರು ಎತ್ತಬಾರದು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಹೊಲ ಸೈಟಾಗಿ, ಸೈಟು ನಾಲ್ಕು ಮಹಡಿಯಾಗಿ, ಮಹಡಿಗೊಂದು ಬಾಡಿಗೆ ಸಂಸಾರ ಬಂದು ಕೂತ ಮೇಲೂ ನೆಂಟರಲ್ಲಿ ಯಾರ ಮದುವೆಯಾದರೂ, "ಮುನಿಲಕ್ಷ್ಮಮ್ಮನ್ನ ಕರ್ಕೊಂಡ್ ಹೋಗಿ, ಒಂದು ಮನೆನೂ ಬಿಟ್ಟೋಗಲ್ಲ" ಎನ್ನುತ್ತಿದ್ದರು.

ಅಂಥವಳು ತನ್ನ ಸ್ವಂತ ಮಗಳ ಮದುವೆಗೆ ಕರೆಯಲು ಹೊರಟು, ಗಂಡ ಸತ್ತು ನಲವತ್ತು ದಿನವಾಗಿದ್ದ ನಾದಿನಿಯ ಹಣೆಗೆ ಕುಂಕುಮ ಇಟ್ಟು ಬಂದಳು.

ನಡೆದದ್ದು ಹೀಗೆ. ಸೊಸೆ ಶಾಲಿನಿ ಕಾರು ಓಡಿಸುತ್ತಿದ್ದಳು. ಉತ್ತರಹಳ್ಳಿ ಕಡೆಯ ಮನೆಗಳನ್ನು ಕರೆದು ಮುಗಿಸುವುದೆಂದು ಅಂದಿನ ಯೋಜನೆ. ಚಿಕ್ಕಲಸಂದ್ರ ಬಂದಾಗ ಮುನಿಲಕ್ಷ್ಮಮ್ಮ, "ಕಲ್ಯಾಣಿ ಮನೆ ಹತ್ರ ನಿಲ್ಸು" ಎಂದಳು. ಕಲ್ಯಾಣಿಯೆಂದರೆ ಅವಳ ಗಂಡ ತಿಮ್ಮರಾಯಪ್ಪನ ಒಬ್ಬಳೇ ತಂಗಿ. ಅತ್ತೆ ದುಃಖದ ಮನೆಗೆ ಮಾತಾಡಿಸಿಕೊಂಡು ಬರಲು ಹೋಗುತ್ತಿದ್ದಾರೆ ಎಂದು ಶಾಲಿನಿ ತಿಳಿದಳು. ಸಾವಾದ ಮನೆಗೆ ಗಂಡಸರು ಹೋಗಿ ಬಾಯಿಮಾತಿನಲ್ಲಿ ಹೇಳಿ ಬರುತ್ತಾರೆಯೇ ಹೊರತು ಅಲ್ಲಿ ಕುಂಕುಮದ ಭರಣಿ ತೆಗೆಯುವುದಿಲ್ಲ. ಅದನ್ನು ಅತ್ತೆಗೆ ಕಲಿಸಿಕೊಡಬೇಕೆ? ಹಿಂದೆ ನೀರಿನ ಟ್ಯಾಂಕರ್ ಹಾರ್ನ್ ಬಾರಿಸುತ್ತಿತ್ತು. ಶಾಲಿನಿ ಜಾಗ ಹುಡುಕಿಕೊಂಡು ಕಾರನ್ನು ಮುಂದಕ್ಕೆ ಒಯ್ದಳು.

ಮುನಿಲಕ್ಷ್ಮಮ್ಮ ಒಳಗೆ ಹೋದಳು. ಕಲ್ಯಾಣಿ ನಡುಮನೆಯಲ್ಲಿ ನಿಂತಿದ್ದಳು.

"ಏನೇ ಇದು, ಹನ್ನೆರಡು ಗಂಟೆ ಆದ್ರೂ ಹಣೆ ಖಾಲಿ ಬಿಟ್ಕೊಂಡಿದ್ದೀಯ?" ಎಂದು ಗದರಿಸುತ್ತಲೇ ಉಂಗುರದ ಬೆರಳನ್ನು ಭರಣಿಗೆ ಅದ್ದಿ, ಅವಳ ಹಣೆಯ ನಡುವೆ ದುಂಡಗೆ ಇಟ್ಟಳು. "ದಿವ್ಯನ ಮದ್ವೆ ಕಣೇ. ಅಣ್ಣ ಎಲ್ಲಿ? ಕರಿ, ಇಬ್ರಿಗೂ ಜೊತೇಲೇ ಹೇಳ್ಬೇಕು."

ಅಣ್ಣ ಎಂದರೆ ಕಲ್ಯಾಣಿಯ ಗಂಡ ಪಿಳ್ಳಪ್ಪ. ಗೋಡೆಯ ಮೇಲೆ ಅವನ ಫೋಟೋ ಇತ್ತು, ಹಾರ ಇತ್ತು. ಮುನಿಲಕ್ಷ್ಮಮ್ಮ ಆ ಕಡೆ ತಿರುಗಿರಲಿಲ್ಲ.

ಕಲ್ಯಾಣಿ ಹಣೆ ಮುಟ್ಟಿ ನೋಡಿಕೊಂಡಳು, ಕೆಂಪಾದ ಬೆರಳನ್ನು ನೋಡಿದಳು, ಅಲ್ಲೇ ಕುಸಿದು ಕೂತಳು. ಒಳಗಿನಿಂದ ಮಗ ರೇವಂತ್ ಬಂದು ತಾಯಿಯ ಹಣೆ ನೋಡಿ, "ಅತ್ತೆ, ಆಚೆ ನಡೀರಿ" ಎಂದ. ಎರಡು ವರ್ಷದ ಹಿಂದೆ ಈ ರೇವಂತನಿಗೇ ದಿವ್ಯಳನ್ನು ಕೇಳಿದ್ದರು. "ಹುಡುಗಿ ಇನ್ನೂ ಓದ್ಬೇಕು" ಎಂದು ಇವರು ಜಾರಿಕೊಂಡಿದ್ದರು. ಈಗ ಅದೇ ಹುಡುಗಿಯ ಮದುವೆ ಅಂಜನಾಪುರದ ಬೇರೆ ಹುಡುಗನ ಜೊತೆ. ಇಷ್ಟಿದ್ದ ಮೇಲೆ ಆ ಕುಂಕುಮವನ್ನು ಯಾರು ತಾನೇ ಮರೆವು ಎಂದಾರು? ಗಂಡ ಸತ್ತವಳ ಹಣೆ ಖಾಲಿಯಿರಬೇಕೆಂದು ಯಾವ ದೇವರು ಬಂದು ಹೇಳಿದನೋ ನಾನರಿಯೆ. ಆದರೆ ಆ ಮನೆಯಲ್ಲಿ, ಆ ದಿನ, ಅದು ಗಾಯದ ಮೇಲೆ ಎಳೆದ ಬರೆಯೇ ಆಯಿತು.

ಕಾರಿನಲ್ಲಿ ಅತ್ತೆಯ ಬಾಯಿಂದ ನಡೆದದ್ದನ್ನು ಕೇಳಿದ ಶಾಲಿನಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಹೇಳಿದಳು. "ಅತ್ತೆ, ಪಿಳ್ಳಪ್ಪ ಮಾವ ತೀರ್ಕೊಂಡು ನಲವತ್ತು ದಿನ ಆಯ್ತು. ನೀವು ಹನ್ನೊಂದು ದಿನ ಅಲ್ಲೇ ಇದ್ರಿ. ತವರಿನ ಸೀರೆ ಹೊದಿಸಿದ್ದು ನೀವೇ."

"ನಾನಾ?"

ಶಾಲಿನಿ ಮೊಬೈಲು ತೆಗೆದು, ತಿಥಿಯ ದಿನ ಯಾರೋ ಹಿಡಿದ ಫೋಟೋ ತೋರಿಸಿದಳು. ಕಲ್ಯಾಣಿಯ ಹೆಗಲಿಗೆ ಸೀರೆ ಹೊದಿಸುತ್ತ, ಬಾಯಿಗೆ ಸೆರಗು ಒತ್ತಿ ಅಳುತ್ತಿದ್ದ ಹೆಂಗಸು ಮುನಿಲಕ್ಷ್ಮಮ್ಮನೇ. ಬಳೆ ಅವಳದೇ, ರವಿಕೆ ಅವಳದೇ. ಆ ಅಳು ಮಾತ್ರ ತನ್ನದೆಂದು ಅವಳಿಗೆ ಅನ್ನಿಸಲಿಲ್ಲ. ಹನ್ನೊಂದು ದಿನ ಎಲ್ಲಿ ಹೋದವು?

ಜಯನಗರದ ಆಸ್ಪತ್ರೆಯಲ್ಲಿ ತಲೆಗೆ ವೈರುಗಳನ್ನು ಅಂಟಿಸಿ ಮಲಗಿಸಿದರು. ಇನ್ನೊಂದು ದಿನ ಮೆಷಿನ್ನಿನೊಳಗೆ ತಳ್ಳಿ ಚಿತ್ರ ತೆಗೆದರು. ಡಾಕ್ಟರ್ ಮೇಘಶ್ರೀ ಶಾಲಿನಿಯ ವಯಸ್ಸಿನವಳು. ಮೊದಲು ಮನೆಯವರನ್ನು ಒಂದು ಪ್ರಶ್ನೆ ಕೇಳಿದಳು. "ಇವರು ಸುಮ್ಮನೆ ಒಂದೇ ಕಡೆ ನೋಡ್ತಾ, ಬಾಯಿ ಚಪ್ಪರಿಸೋದು, ಸೆರಗು ಹೊಸೆಯೋದು, ನೋಡಿದ್ದೀರಾ?"

ನೋಡದೆ ಏನು, ದಿನಾ ನೋಡಿದ್ದರು. ಆದರೆ ಮುನಿಲಕ್ಷ್ಮಮ್ಮ ಎಲೆಅಡಿಕೆ ಹಾಕುವವಳು. ಅವಳು ಬಾಯಿ ಚಪ್ಪರಿಸಿದರೆ ಯಾರಿಗೆ ಸಂಶಯ ಬಂದೀತು? ಎರಡು ವರ್ಷದಿಂದ ಇಡೀ ಮನೆ ಅವಳ ಕಾಯಿಲೆಯನ್ನು ಎಲೆಅಡಿಕೆ ಎಂದುಕೊಂಡಿತ್ತು. ಅವಳಿಗೇ ಗೊತ್ತಿದ್ದುದು ಇಷ್ಟು: ಆಗಾಗ ಹೊಟ್ಟೆಯಿಂದ ಏನೋ ಮೇಲಕ್ಕೆ ಏರಿದಂತಾಗಿ, ಎಲ್ಲಿಂದಲೋ ಸೀದ ಬೆಲ್ಲದ ವಾಸನೆ ಬರುತ್ತಿತ್ತು. ಒಲೆಯ ಮೇಲೆ ನೋಡಿದರೆ ಏನೂ ಇರುತ್ತಿರಲಿಲ್ಲ.

"ಅಮ್ಮ, ಮಿದುಳಲ್ಲಿ, ಎರಡು ಕಿವಿ ನೇರಕ್ಕೆ ಒಳಗಡೆ ಹಿಪ್ಪೊಕ್ಯಾಂಪಸ್ ಅಂತ ಒಂದು ಜಾಗ ಇದೆ" ಎಂದಳು ಮೇಘಶ್ರೀ. "ನಿಮ್ಮ ಕಿರುಬೆರಳಿನಷ್ಟು. ಇವತ್ತು ನೋಡಿದ್ದನ್ನ ನಾಳೆಗೆ ಎತ್ತಿಡೋದು ಅದರ ಕೆಲಸ. ನಿಮಗೆ ಅಲ್ಲೇ ಆಗಾಗ ಕರೆಂಟ್ ಎಗರ್ತಾ ಇದೆ. ಕೈಕಾಲು ಅದರಲ್ಲ, ನೀವು ಬೀಳಲ್ಲ, ಅದಕ್ಕೇ ಯಾರಿಗೂ ಗೊತ್ತಾಗಿಲ್ಲ. ನಿದ್ದೇಲೂ ಆಗ್ತಿದೆ. ಆಗ ಎತ್ತಿಟ್ಟಿದ್ದೂ ಉಳಿಯಲ್ಲ."

"ಹಳೇದೆಲ್ಲ ನೆನಪಿದೆಯಲ್ಲ ತಾಯಿ. ನನ್ನ ಮದ್ವೇಲಿ ಯಾರ್ ಯಾರು ಏನೇನು ಕೊಟ್ರು, ಕೇಳಿ, ಹೇಳ್ತೀನಿ."

"ಹಳೇದು ಬಹುಪಾಲು ಇರುತ್ತೆ. ಹೊಸದು ನಿಲ್ಲಲ್ಲ. ಎರಡು ದಿನ, ನಾಲ್ಕು ದಿನ ಇರುತ್ತೆ, ಆಮೇಲೆ ಹೋಗ್ಬಿಡುತ್ತೆ. ಮಾತ್ರೆ ನಿಧಾನಕ್ಕೆ ಹೆಚ್ಚಿಸ್ತಾ ಹೋಗ್ಬೇಕು. ಎರಡು ಮೂರು ತಿಂಗಳಲ್ಲಿ ಹತೋಟಿಗೆ ಬರಬಹುದು. ಹೋಗಿರೋದು ವಾಪಸ್ ಬರುತ್ತೆ ಅಂತ ಮಾತು ಕೊಡಕ್ಕಾಗಲ್ಲ."

ತಿಮ್ಮರಾಯಪ್ಪ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. "ಇದಕ್ಕೆ ಏನಂತಾರೆ ಮೇಡಂ?"

"ಒಂಥರಾ ಫಿಟ್ಸೇ ಸಾರ್. ನೀವು ಹೆದರೋ ಥರದ್ದಲ್ಲ. ಇವರಿಗೆ ಇದೆ ಅಂತ ಮಕ್ಕಳಿಗೆ ಬರುತ್ತೆ ಅಂತೇನಿಲ್ಲ."

ಆ ಎರಡಕ್ಷರ ಕೇಳಿದ್ದೇ ತಡ, ಉಳಿದ ಮಾತು ಅವನ ಕಿವಿಗೆ ಹೋಗಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿ ಎಲ್ಲರನ್ನೂ ಕೂರಿಸಿಕೊಂಡ.

"ಸಾವಿರ ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತಾರೆ. ನಾನು ಸುಳ್ಳೂ ಹೇಳಿ ಅನ್ನಲ್ಲ. ಬಾಯಿ ಮುಚ್ಕೊಂಡಿರಿ ಅಷ್ಟೇ. ಮದ್ವೆ ಆಗೋವರ್ಗೂ ಆ ಪದ ಈ ಮನೇಲಿ ಬರಕೂಡದು."

"ಕಲ್ಯಾಣಿಗಾದ್ರೂ ಹೇಳಣ ರೀ" ಎಂದಳು ಮುನಿಲಕ್ಷ್ಮಮ್ಮ. "ನಾನು ಬೇಕಂತ ಮಾಡ್ದೆ ಅಂದ್ಕೊಂಡಿದಾಳೆ. ಅವಳು ನಿಮ್ಮ ಒಡಹುಟ್ಟಿದವಳು."

"ಕಲ್ಯಾಣಿಗೆ ಹೇಳಿದ್ರೆ ರೇವಂತ್‌ಗೆ ಹೇಳ್ದಂಗೆ. ಅವನಿಗೆ ಮೊದಲೇ ನಮ್ಮ ಮೇಲೆ ಹೊಟ್ಟೇಲಿ ಬೆಂಕಿ. ಅಂಜನಾಪುರಕ್ಕೆ ಒಂದು ಫೋನ್ ಹೋದ್ರೆ ಮುಗೀತು. ನಿನ್ನ ಸೊಕ್ಕಿನವಳು ಅಂದ್ಕೊಳ್ಳಲಿ ಬಿಡು ಲಕ್ಷ್ಮಿ. ಸೊಕ್ಕಿರೋರ ಮನೆಯಿಂದ ಹೆಣ್ಣು ತಗೋತಾರೆ. ಫಿಟ್ಸ್ ಇರೋರ ಮನೆಯಿಂದ ತಗೊಳ್ಳಲ್ಲ."

ತಿಮ್ಮರಾಯಪ್ಪ ಕೆಟ್ಟವನಲ್ಲ. ಅವನ ಮಾತಿನಲ್ಲಿ ಸುಳ್ಳೂ ಇರಲಿಲ್ಲ, ಅದೇ ಕಷ್ಟ. ಮುನಿಲಕ್ಷ್ಮಮ್ಮನೇ ಎಷ್ಟು ಸಂಬಂಧಗಳನ್ನು "ಅವರ ಮನೇಲಿ ಏನೋ ಇದೆಯಂತೆ" ಎಂಬ ಒಂದು ಮಾತಿನಿಂದ ಮುರಿದಿರಲಿಲ್ಲ?

ಸಂಜೆ ದಿವ್ಯ ಬಂದು ಪಕ್ಕದಲ್ಲಿ ಕೂತಳು. ತಾಯಿಯ ಕೈಯನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ಒಂದೇ ತಿಂಗಳು ಅಮ್ಮ. ಆಮೇಲೆ ನಾನೇ ಕಲ್ಯಾಣಿ ಅತ್ತೆ ಹತ್ರ ಹೋಗಿ ಎಲ್ಲಾ ಹೇಳ್ತೀನಿ. ಅಲ್ಲೀವರೆಗೂ ಹೇಳಲ್ಲ ಅಂತ ಆಣೆ ಮಾಡು." ಹುಡುಗಿಯ ಕಣ್ಣು ತುಂಬಿತ್ತು. ಆ ಹುಡುಗನನ್ನು ಅವಳು ಮನಸಾರೆ ಮೆಚ್ಚಿದ್ದಳು. ಮುನಿಲಕ್ಷ್ಮಮ್ಮ ಆಣೆ ಮಾಡಿದಳು.

ಮಾರನೆಯ ದಿನದಿಂದ ಅವಳಿಗೆ ಮಂಡಿನೋವು. ಹಾಗೆಂದು ಊರಿಗೆಲ್ಲ ಹೇಳಿದರು. ಕರೆಯುವ ಕೆಲಸ ಶಾಲಿನಿಗೆ ಹೋಯಿತು. ಬಾಯಿತಪ್ಪಿ ಯಾರಿಗಾದರೂ ಹೇಳಿಬಿಟ್ಟಾಳೆಂದು ತಿಮ್ಮರಾಯಪ್ಪ ಹೆಂಡತಿಯ ಮೊಬೈಲು ತೆಗೆದಿಟ್ಟುಕೊಂಡ. ಮೂವತ್ತಾರು ವರ್ಷ ಸೊಂಟಕ್ಕೆ ಬೀಗದಕೈ ಗೊಂಚಲು ಸಿಕ್ಕಿಸಿಕೊಂಡು ಓಡಾಡಿದ ಮನೆಯಲ್ಲೇ ಅವಳು ಈಗ ಗೇಟಿನ ಒಳಗಿನ ಜೀವವಾದಳು. ಕಿಟಕಿಯ ಆಚೆ ನೆಂಟರ ಹೆಂಗಸರು ಮಾತಾಡಿಕೊಂಡು ಹೋಗುವುದು ಕೇಳಿಸುತ್ತಿತ್ತು. "ಮಂಡಿನೋವಂತೆ ಮಂಡಿನೋವು. ಮುಖ ತೋರ್ಸಕ್ಕೆ ನಾಚಿಕೆ. ಮುಂಡೆಯಾದವಳಿಗೆ ಕುಂಕುಮ ಇಟ್ಟು, ಗಂಡ ಎಲ್ಲಿ ಅಂತ ಕೇಳಿದ್ಲಂತಲ್ಲ, ಎಂಥಾ ಎದೆಗಾರಿಕೆ." ಬಾಯಲ್ಲಿ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತಿದ್ದಳು.

ವಿಚಿತ್ರವೆಂದರೆ ಎಲ್ಲ ಮರೆಸುವ ಆ ಕಾಯಿಲೆಗೆ ಇದೊಂದನ್ನು ಮರೆಸಲು ಮನೆಯವರು ಬಿಡಲಿಲ್ಲ. ಬೆಳಗಾದರೆ ಅದೇ ಮಾತು, ಅದೇ ಎಚ್ಚರಿಕೆ. ಉಳಿದ ದಿನಗಳೆಲ್ಲ ಸೋರಿಹೋಗುತ್ತಿದ್ದವು. ನಿನ್ನೆ ಏನು ಉಂಡೆ, ಮೊನ್ನೆ ಯಾರು ಬಂದಿದ್ದರು ಎಂದು ಯೋಚಿಸಿದರೆ ಬರೀ ಖಾಲಿ. ಒಮ್ಮೆ ಎದ್ದಾಗ ಹಿಮ್ಮಡಿ ನೋಯುತ್ತಿತ್ತು, ಕಾರಣ ತಿಳಿಯಲಿಲ್ಲ. ಸುಳ್ಳು ಮಂಡಿನೋವಿಗೆ ಸಿಕ್ಕ ಶಿಕ್ಷೆ ಎಂದುಕೊಂಡಳು.

ಕಲ್ಯಾಣಿ ಮಾತ್ರ ಮನಸ್ಸಿನಿಂದ ಕದಲಲಿಲ್ಲ. ಮುನಿಲಕ್ಷ್ಮಮ್ಮ ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದಾಗ ಕಲ್ಯಾಣಿಗೆ ಹದಿನಾಲ್ಕು. ತಲೆ ಬಾಚಿ ಶಾಲೆಗೆ ಕಳಿಸಿದವಳು ಇವಳು, ಮೈ ನೆರೆದಾಗ ಆರತಿ ಎತ್ತಿದವಳು ಇವಳು, ರೇವಂತ್ ಹುಟ್ಟಿದಾಗ ಬಾಣಂತನ ಮಾಡಿದವಳೂ ಇವಳೇ. ಅಂಥ ಹುಡುಗಿ ಈಗ ಚಿಕ್ಕಲಸಂದ್ರದಲ್ಲಿ ಕೂತು, ಅತ್ತಿಗೆ ನನ್ನ ದುಃಖವನ್ನು ಆಡಿಕೊಂಡಳು ಎಂದುಕೊಂಡು ಅಳುತ್ತಿರಬೇಕು. ಹೇಳಿದರೆ ಮಗಳ ಮದುವೆ ಮುರಿದೀತು, ಹೇಳದಿದ್ದರೆ ಕಲ್ಯಾಣಿ ಹೋದಳು. ಮದುವೆ ಆದ ಮೇಲೆ ಹೇಳೋಣವೆಂದರೆ, ಆ ಹೊತ್ತಿಗೆ ಹೇಳಬೇಕೆಂಬುದೇ ತನಗೆ ನೆನಪಿರುತ್ತದೆಯೆ?

ಮದುವೆಗೆ ಒಂಬತ್ತು ದಿನ ಉಳಿದಿತ್ತು. ಬುಧವಾರ ಮಧ್ಯಾಹ್ನ ಎಲ್ಲರೂ ರವಿಕೆಯ ಅಳತೆ ಸರಿ ನೋಡಲು ಜಯನಗರ ಫೋರ್ತ್ ಬ್ಲಾಕಿಗೆ ಹೋದರು. ಮೊದಲನೇ ಮಹಡಿಯ ಬಾಡಿಗೆಯ ಹುಡುಗಿ ಪ್ರೇರಣಾಗೆ, "ಸ್ವಲ್ಪ ನೋಡ್ಕೊಳಮ್ಮ" ಎಂದು ಹೇಳಿದ್ದರು. ಪ್ರೇರಣಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆಫೀಸಿನ ಮೀಟಿಂಗಿನಲ್ಲಿ ಮುಳುಗಿದ್ದಳು. ಮುನಿಲಕ್ಷ್ಮಮ್ಮ ಗೇಟು ತೆಗೆದಳು. ಮಗಳ ತಲೆಯ ಮೇಲೆ ಇಟ್ಟ ಆಣೆ ನೆನಪಾಗಿ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಗೇಟು ದಾಟಿ ನಡೆದೇಬಿಟ್ಟಳು.

ಕೆರೆಯ ಪಕ್ಕದ ಸ್ಟ್ಯಾಂಡಿನಲ್ಲಿದ್ದ ಆಟೋದವನು ಅವಳನ್ನು ನೋಡಿ, "ಹತ್ತಿ ಅಮ್ಮ. ಚಿಕ್ಕಲಸಂದ್ರ ತಾನೆ?" ಎಂದ. ಅವಳಿಗೆ ಮುಖ ಬಿಸಿಯಾಯಿತು. ತಾನು ಕುಂಕುಮ ಇಟ್ಟ ಸುದ್ದಿ ಆಟೋ ಸ್ಟ್ಯಾಂಡಿನವರೆಗೂ ಬಂದಿದೆಯಲ್ಲ ಎಂದು ಸೆರಗು ತಲೆಗೆ ಎಳೆದುಕೊಂಡು ಕೂತಳು.

ಸಾರಕ್ಕಿ ಸಿಗ್ನಲಿನಲ್ಲಿ ಆಟೋ ನಿಂತಾಗ ಸೀದ ಬೆಲ್ಲದ ವಾಸನೆ ಬಂತು. ಬೇಡ, ಈಗ ಬೇಡ ಎಂದು ಕಂಬಿ ಹಿಡಿದಳು. ಎಲ್ಲಿಗೆ ಹೋಗುತ್ತಿದ್ದೇನೆ ಎಂಬುದೇ ಮರೆತರೆ? "ಕಲ್ಯಾಣಿ, ಬೇಕಂತ ಮಾಡ್ಲಿಲ್ಲ. ಕಲ್ಯಾಣಿ, ಬೇಕಂತ ಮಾಡ್ಲಿಲ್ಲ" ಎಂದು ತುಟಿಯಲ್ಲೇ ಹೇಳಿಕೊಳ್ಳುತ್ತ ಹೋದಳು. ಕರೆಂಟು ಎಗರಿತೋ ಇಲ್ಲವೋ ತಿಳಿಯದು. ಮತ್ತೆ ರಸ್ತೆ ಕಣ್ಣಿಗೆ ಬಿದ್ದಾಗ ಕದಿರೇನಹಳ್ಳಿ ದಾಟಿತ್ತು. ಹೇಳಬೇಕಾದ ಮಾತು ಬಾಯಲ್ಲಿ ಇನ್ನೂ ಇತ್ತು.

ಕಲ್ಯಾಣಿ ಬಾಗಿಲು ತೆಗೆದಳು. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಆಶ್ಚರ್ಯವೂ ಕಾಣಲಿಲ್ಲ.

"ಬನ್ನಿ ಅತ್ತಿಗೆ, ಕೂತ್ಕೊಳ್ಳಿ. ರೇವಂತ್ ಕೆಲಸಕ್ಕೆ ಹೋಗಿದಾನೆ" ಎಂದು, ನೆನೆಸಿದ ಅವರೆಕಾಳಿನ ಪಾತ್ರೆಯ ಮುಂದೆ ಮತ್ತೆ ಕೂತು ಕಾಳು ಹಿಸುಕತೊಡಗಿದಳು.

ಮುನಿಲಕ್ಷ್ಮಮ್ಮ ನೆಲದ ಮೇಲೆ ಅವಳ ಎದುರಿಗೆ ಕೂತು ಎಲ್ಲ ಹೇಳಿದಳು. ಕರೆಂಟು ಎಗರುವುದು, ಎಲೆಅಡಿಕೆ, ಫೋಟೋ, ಬೀಗರು, ದಿವ್ಯಳ ಆಣೆ, ಒಂದನ್ನೂ ಬಿಡಲಿಲ್ಲ. "ಅಣ್ಣ ಸತ್ತಿದ್ದು ನನ್ನ ತಲೇಲಿ ಇರಲೇ ಇಲ್ಲ ಕಣೇ. ಇದ್ದಿದ್ರೆ ಈ ಕೈ ಕತ್ತರಿಸ್ಕೋತಿದ್ದೆ, ನಿನ್ನ ಹಣೆಗೆ ಇಡ್ತಿರ್ಲಿಲ್ಲ. ನನ್ನ ಕ್ಷಮಿಸ್ಬಿಡು. ದಿವ್ಯನ ಮದ್ವೆ ಆಗೋವರ್ಗೂ ಯಾರ ಹತ್ರನೂ ಹೇಳ್ಬೇಡ." ಹೇಳುತ್ತ ಅಳು ಬಂತು. ಕಲ್ಯಾಣಿಯ ಕಾಲು ಮುಟ್ಟಲು ಹೋದಳು, ಕಲ್ಯಾಣಿ ಕಾಲು ಹಿಂದಕ್ಕೆಳೆದುಕೊಂಡಳು.

ಕಾಳು ಹಿಸುಕುವ ಕೈ ನಿಂತಿತು.

"ಅತ್ತಿಗೆ, ನೀವು ಹೋದ ಗುರುವಾರ ಬಂದು ಇದನ್ನೇ ಹೇಳಿದ್ರಿ."

"ಯಾವ ಗುರುವಾರ?" ಎಂದಳು ಮುನಿಲಕ್ಷ್ಮಮ್ಮ.

"ಅದರ ಹಿಂದಿನ ಸೋಮವಾರನೂ ಬಂದಿದ್ರಿ. ಇದು ಮೂರನೇ ಸಲ."

ಅಳು ಅಲ್ಲಿಗೇ ಕಟ್ಟಿತು. ಹಾಗಿದ್ದರೆ ಆಣೆಯನ್ನು ತಾನು ಮುರಿದದ್ದು ಇವತ್ತಲ್ಲ. ಕ್ಷಮೆ ಕೇಳಿದ್ದೂ ಇವತ್ತಲ್ಲ. ಇಷ್ಟು ದಿನ ಎದೆಯ ಮೇಲೆ ಹೊತ್ತು ತಿರುಗಿದ ಕಲ್ಲನ್ನು ತಾನೇ ಎರಡು ಸಲ ಇಲ್ಲಿ ಇಳಿಸಿಹೋಗಿದ್ದಳು, ಇಳಿಸಿದ್ದು ಮರೆತು ಮತ್ತೆ ಹೊತ್ತಿದ್ದಳು.

"ಆವಾಗ ನೀನು ಏನಂದೆ?" ಎಂದು ಕೇಳಿದಳು.

"ಮೊದಲನೇ ಸಲ ನಿಮ್ಮನ್ನ ತಬ್ಬಿಕೊಂಡು ಅತ್ತುಬಿಟ್ಟೆ. ಬೇಕಂತ ಮಾಡ್ಲಿಲ್ಲ ಅಂತ ಗೊತ್ತಾಗಿ ಜೀವ ಬಂದಂಗಾಯ್ತು. ಕ್ಷಮಿಸಿದೀನಿ ಅಂದೆ. ಎರಡನೇ ಸಲನೂ ಅದನ್ನೇ ಅಂದೆ. ಚೀಟಿನೂ ಬರೆದು ನಿಮ್ಮ ಪರ್ಸಿಗೆ ಹಾಕಿದ್ದೆ. ಸಿಗ್ಲಿಲ್ವಾ?"

ಚೀಟಿ ಏನಾಯಿತೋ. ತಿಮ್ಮರಾಯಪ್ಪನ ಕೈಗೆ ಸಿಕ್ಕಿದ್ದರೆ ಮನೆಯಲ್ಲಿ ರಾಮಾಯಣವೇ ಆಗುತ್ತಿತ್ತು. ಅವನ ಕೈಗೆ ಸಿಗಬಾರದೆಂದು ತಾನೇ ಹರಿದು ಎಸೆದಿರಬೇಕು. ಹರಿದದ್ದೂ ನೆನಪಿಲ್ಲ.

"ಇವತ್ತು ಏನಂತೀಯ?"

"ಇವತ್ತೂ ಅದೇ ಅತ್ತಿಗೆ. ನಿಮ್ಮ ಮೇಲೆ ನನಗೇನೂ ಇಲ್ಲ. ದಿವ್ಯನ ಮದ್ವೆ ಚೆನ್ನಾಗಾಗ್ಲಿ. ನನ್ನ ಬಾಯಿಂದ ಒಂದು ಅಕ್ಷರ ಆಚೆ ಹೋಗಲ್ಲ, ರೇವಂತನಿಗೂ ಹೇಳಿಲ್ಲ." ಕಲ್ಯಾಣಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಮುಂದಿನ ಮಾತು ಅವಳಿಗೂ ಸುಲಭವಾಗಿರಲಿಲ್ಲ. "ಆದ್ರೆ ನೀವು ಬಂದಾಗೆಲ್ಲ ಆ ದಿನ ಮೊದಲಿಂದ ಶುರುವಾಗುತ್ತೆ. ಕುಂಕುಮ ಇಟ್ಟಿದ್ದು, ನಾನು ಕುಸಿದಿದ್ದು, ಎಲ್ಲಾ. ಆಮೇಲೆ ಅವರು ಹೆಂಗೆ ಹೋದ್ರು ಅಂತ ಕೇಳ್ತೀರಿ. ಬಚ್ಚಲಲ್ಲಿ ಬಿದ್ದಿದ್ದು, ಆಂಬುಲೆನ್ಸು ಬರದೇ ಇದ್ದಿದ್ದು, ನಾನು ಎಲ್ಲಾ ಹೇಳ್ಬೇಕು. ನೀವು ಈಗ ತಾನೇ ಕೇಳಿದಂಗೆ ಅಳ್ತೀರಿ. ನೀವು ಮನೆಗೆ ಹೋಗಿ ಮರೀತೀರಿ. ನನಗೆ ಮರೆಯಕ್ಕೆ ಆಗಲ್ಲ ಅತ್ತಿಗೆ. ನಾಲ್ಕು ದಿನ ಊಟ ಸೇರಲ್ಲ. ಕೈ ಮುಗೀತೀನಿ, ಇನ್ನು ಬರ್ಬೇಡಿ."

ಮುನಿಲಕ್ಷ್ಮಮ್ಮ ಅವರೆಕಾಳಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದಳು. ಕಲ್ಯಾಣಿ ಕೇಳುತ್ತಿರುವುದು ನ್ಯಾಯವೇ. ತಾನು ಸಾಕಿ ಬೆಳೆಸಿದ ಹುಡುಗಿಗೆ ಇಷ್ಟನ್ನಾದರೂ ಕೊಡಬೇಡವೆ? ಕಲ್ಯಾಣಿಯ ಎರಡೂ ಕೈಗಳನ್ನು ಹಿಡಿದುಕೊಂಡಳು.

"ಇಲ್ಲ ಕಣೇ. ನನ್ನ ಮಕ್ಕಳಾಣೆ, ಇನ್ನು ಬರಲ್ಲ."

"ಹೋದ ಗುರುವಾರನೂ ಹಿಂಗೇ ಅಂದ್ರಿ" ಎಂದಳು ಕಲ್ಯಾಣಿ. ಎದ್ದು ಹೋಗಿ, ಬಾಗಿಲಲ್ಲಿದ್ದ ಅತ್ತಿಗೆಯ ಚಪ್ಪಲಿಗಳನ್ನು ಅವಳು ಮೆಟ್ಟಿಕೊಂಡು ಇಳಿಯಲು ಅನುಕೂಲವಾಗುವಂತೆ ಬೀದಿಯ ಕಡೆಗೆ ತಿರುಗಿಸಿ ಇಟ್ಟಳು.